ತೊಟ್ಟಿಲಿಗೆ ಸುತ್ತಿದ ಸುರುಳಿ

ಭಾಲ್ಕಿ ಹೈದರಾಬಾದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರುವ ದಿನವೇ ಸುಂದರಬಾಯಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಹೆಣ್ಣು ಹುಟ್ಟಿದ ಸುದ್ದಿ ಕೇಳಿ ಮಗಳ ಅತ್ತೆ, ಔರಾದದ ಬೀಗತಿ ಗುಂಡಮ್ಮ, “ಹೆಣ್ಣಕೂಸಿಗಿ ಎಂಥಾ ತೊಟ್ಟಲ, ಹಳೀ ಸೀರಿ ಕಟ್ಟಿ ತೂಗ್ರಿ ಸಾಕು” ಎಂದು ಹೇಳಿ ಕಳಿಸಿದ್ದಳು. ಆ ಮಾತು ಸುಂದರಬಾಯಿಯ ಎದೆಯಲ್ಲಿ ಬೆರಣಿಯ ಕೆಂಡದಂತೆ ಕೂತಿತ್ತು.

ಬೀಗತಿ ಬಂದು ಕಣ್ಣಾರೆ ನೋಡಲಿ ಎಂದು ತನ್ನ ಮದುವೆಯ ರೇಶಿಮೆ ಸೀರೆಯನ್ನೇ ತೊಟ್ಟಿಲ ಸಿಂಗಾರಕ್ಕೆ ಬೆರಳಗಲದ ಪಟ್ಟಿಗಳಾಗಿ ಹರಿದಳು. ಗಂಜಿಯಲ್ಲಿ ಅದ್ದಿ, ತೊಗರಿಕಟ್ಟಿಗೆಗೆ ಓರೆಯಾಗಿ ಸುತ್ತಿ, ತುದಿಗೆ ದಾರ ಬಿಗಿದು ಒಲೆಯ ಹಿಂದೆ ನಿಲ್ಲಿಸಿದಳು. ಒಣಗಿದ ಮೇಲೆ ಕಟ್ಟಿಗೆ ಜಾರಿಸಿದರೆ ಪಟ್ಟಿ ಕುಂಬಳದ ಕುಡಿಯಂತೆ ಸುರುಳಿಯಾಗಿ ತೂಗುತ್ತಿತ್ತು. ಶಿವನ ಹೆಸರು ಹೇಳುತ್ತ ಸುತ್ತಿದ್ದು, ಒಂದೂ ಸಡಿಲಿರಲಿಲ್ಲ.

ಮುಂಜಾನೆ ಲಿಂಗಪೂಜೆ ಮುಗಿಸಿ ಎದ್ದರೆ ಸುರುಳಿ ತುಂಬಿಟ್ಟ ಬುಟ್ಟಿ ಬರಿದು.

ಗಂಡ ಶಿವರಾಜಪ್ಪ ಹೊಸ ರಾಜ್ಯದ ಸ್ವಾಗತ ಕಮಿಟಿಯ ಮುಖಂಡ. ರುಮಾಲು ಸುತ್ತುತ್ತಲೇ ಹೇಳಿದ, “ಸ್ಟೇಷನ್ ಮುಂದಿನ ಕಮಾನಿಗಿ ಕೊಟ್ಟೀನಿ. ಎಲ್ಲಾ ಮುದುಡಿ ಬಿದ್ದಿದ್ದವು. ಕಾಶೀರಾಮನ ಕಡಿಂದ ಇಸ್ತ್ರಿ ಹೊಡಿಸೀನಿ, ಈಗ ಹೋಗಿ ನೋಡ, ಹ್ಯಾಂಗ ನೆಟ್ಟಗ ನಿಂತಾವ.”

ಸುಂದರಬಾಯಿ ನೆಟ್ಟಗೆ ಕಮಾನಿಗೆ ನಡೆದು, ಅಲ್ಲೇ ನಿಂತಿದ್ದ ಕೈಗಾಡಿ ಹತ್ತಿ, ಪಟ್ಟಿಗಳನ್ನು ಕಿತ್ತುಕೊಂಡಳು.

“ಯಕ್ಕಾ, ಸರ್ಕಾರದ ಕಾರ್ಯ ಅದರಿ,” ಎಂದ ಕಮಿಟಿಯವನೊಬ್ಬ.

“ಇದು ನನ್ನ ಸೀರಿ. ನಿಮ್ಮ ರಾಜ್ಯಕ್ಕ ನಿಮ್ಮ ಧೋತ್ರ ಹರದು ಕಟ್ರಿ.”

ಮನೆಗೆ ಬಂದು ಅವನ್ನು ಗಂಡನ ಮಡಿಲಿಗೆ ಎಸೆದಳು. ಮುಂದೆ ಗಂಜಿಯ ಬೋಗುಣಿ ಇಟ್ಟಳು. “ಕೂಡ್ರಿ. ಸುತ್ರಿ.”

“ಸಭಾ ಸುರು ಆಗ್ತದ. ನಾ ಹಾರ ಹಾಕಬೇಕು.”

“ಊರಿಗಿ ಹಾರ ಹಾಕ್ಲಿಕ್ಕ ಮಂದಿ ಭಾಳ ಅದಾರ. ಔರಾದದ ಬಂಡಿ ಬರೂದ್ರಾಗ ತೊಟ್ಟಲ ಸಜ್ಜಾಗ್ಲಿಲ್ಲಂದ್ರ, ಆಕಿ ಅಂದದ್ದು ನೀವು ಖರೆ ಮಾಡಿದ್ಹಂಗ. ನನ್ನ ಮೊಮ್ಮಗಳಿಗಿ ಅಜ್ಜ ಇದ್ದೂ ಇಲ್ಲ.”

ಶಿವರಾಜಪ್ಪ ರುಮಾಲು ಬಿಚ್ಚಿಟ್ಟು ಕೂತ. ಒದ್ದೆ ಪಟ್ಟಿ ಕೈಯಲ್ಲಿ ಜಾರುತ್ತಿತ್ತು. “ಸಡ್ಲಾತು,” ಎಂದಳು ಆಕೆ, ಕೆಂಡದ ಮುಂದೆ ಕಟ್ಟಿಗೆ ತಿರುಗಿಸುತ್ತ. ಆತ ಬಿಚ್ಚಿ ಸುತ್ತಿದ. ಸ್ಟೇಷನ್ ಕಡೆಯಿಂದ ಬಾಜಾ ಕೇಳಿಸಿತು. ಕಮಿಟಿಯವರು ಬಾಗಿಲಿಗೆ ಬಂದು ಕರೆದರು, ನಿಂತರು, ಹೋದರು.

ಗುಂಡಮ್ಮ ಒಳಗೆ ಬಂದಾಗ ತೊಟ್ಟಿಲ ಸುತ್ತ ಸುರುಳಿಗಳು ತೂಗುತ್ತಿದ್ದವು. ಕೂಸು ಕಣ್ಣರಳಿಸಿ ನೋಡುತ್ತಿತ್ತು. “ಊರೆಲ್ಲ ಸ್ಟೇಷನ್ ಮುಂದಿನ ಜಲಸಾಕ್ಕ ಹೋಗ್ಯದ. ಬೀಗ್ರು ಹೋಗಿಲ್ಲೇನ್ರಿ?” ಎಂದು ಕೇಳಿದಳು ಗುಂಡಮ್ಮ.

“ಮೊಮ್ಮಗಳ ತೊಟ್ಟಲದರಿ,” ಎಂದ ಶಿವರಾಜಪ್ಪ, ತಲೆ ಎತ್ತದೆ. ಅವನ ಮೊಣಕೈತನಕ ಗಂಜಿ ಒಣಗಿತ್ತು.

ಗುಂಡಮ್ಮ ಹಳೀ ಸೀರಿಯ ಮಾತು ಎತ್ತಲಿಲ್ಲ. ಸುಂದರಬಾಯಿ ಗಂಡನ ಮುಖ ನೋಡದೆ ತೊಟ್ಟಿಲ ಹಗ್ಗ ಹಿಡಿದಳು.

“ಆ ತುದೀದು ಸಡ್ಲದ, ಬಿಚ್ಚಿ ಮತ್ತ ಸುತ್ರಿ,” ಎಂದಳು.