ಕಮಾನಿನ ಜಾಗ

ಊರಬಾಗಿಲಲ್ಲಿ ಕಲ್ಲಿನ ಕಮಾನು ನಿಲ್ಲಿಸಲು ನೆಲ ಸಮ ಮಾಡಿಯಾಗಿತ್ತು. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು, ಐವತ್ತಾದರೂ ಮರುಮದುವೆಯಾಗದ ಯುನ್‌ಹೆಗೆ ಫಾಂಗ್ ಮನೆತನ ಕೊಡುವ ಗೌರವ ಅದು. ಚಹಾ ಕುಡಿಯಲು ಬಂದ ಅವಳ ಭಾವ ತೇಶೆಂಗ್ ಹೊಸ ಮಾತು ತೆಗೆದ.

"ನೋಡಮ್ಮ, ಗಂಡ ಸತ್ತ ನಿನ್ನ ಸೊಸೇನೂ ಹೀಗೇ ಉಳಿದ್ರೆ ಒಂದೇ ಮನೇಲಿ ಇಬ್ರು ಪತಿವ್ರತೆಯರು! ದೊಡ್ಡ ಅಧಿಕಾರಿಗಳೇ ಪಲ್ಲಕ್ಕೀಲಿ ಬರ್ತಾರೆ."

"ಮಿನ್‌ಜುಗೆ ಹತ್ತೊಂಬತ್ತು, ಭಾವ. ಆಚೆ ದಡದ ದೋಣಿಯವನು ಮದುವೆಗೆ ಕೇಳ್ತಿದಾನೆ."

"ನೀನೂ ಎಳೇವಳೇ ಇದ್ದೆ. ಏನು ಕಷ್ಟ ಆಯ್ತು?"

ಕೇಳಿದವನು ಉತ್ತರಕ್ಕೆ ಕಾಯದೆ ಕಲ್ಲಂಗಡಿ ಬೀಜ ಕಡಿಯುತ್ತ ಕುಳಿತ. ಒಮ್ಮೆ ಬಾವಿಕಟ್ಟೆಯಲ್ಲಿ ಜೋರಾಗಿ ನಕ್ಕಿದ್ದಕ್ಕೆ ಇದೇ ಮನುಷ್ಯ ಅವಳನ್ನು ಸತ್ತ ಗಂಡನ ಹೆಸರು ಬರೆದು ಪೂಜೆಗಿಟ್ಟ ಹಲಗೆಯ ಮುಂದೆ ಮೂರು ದಿನ ಮಂಡಿಯೂರಿಸಿದ್ದ. ಆಮೇಲೆ ಅವಳು ನಕ್ಕಿರಲಿಲ್ಲ. ಅದನ್ನೂ ಯಾರೂ ಗಮನಿಸಿರಲಿಲ್ಲ.

ವಿಧವೆಯ ಮರುಮದುವೆಯ ಪತ್ರಕ್ಕೆ ಅತ್ತೆಯ ಅಂಗೈ ಮುದ್ರೆ ಬೇಕು. ಆ ಪತ್ರವನ್ನು ಮನೆಯೊಳಗೆ ಬರೆಯುವಂತಿಲ್ಲ. ಬರೆದ ಜಾಗದಲ್ಲಿ ಹುಲ್ಲೂ ಬೆಳೆಯದು ಎಂದು ಹೆದರಿ ಸ್ಮಶಾನದ ಅಂಚಿಗೆ ಹೋಗಿ ಬರೆಯುತ್ತಾರೆ. ಮರುದಿನ ಬೆಳಿಗ್ಗೆ ಯುನ್‌ಹೆ ಸೊಸೆಯನ್ನೂ ಪತ್ರ ಬರೆಯುವ ಮುದುಕ ಪಾವ್‌ನನ್ನೂ ಊರಬಾಗಿಲಿಗೇ ಕರೆತಂದಳು.

"ಇಲ್ಲೇನಾ? ಅಮ್ಮಾ, ಇಲ್ಲಿ ಬರೆದ್ರೆ ಆಮೇಲೆ ಒಂದು ಕಲ್ಲೂ ನಿಲ್ಲಿಸೋ ಹಾಗಿಲ್ಲ!"

"ಗೊತ್ತಿದ್ದೇ ಕರ್ಕೊಂಡು ಬಂದೆ. ಮಸಿ ತೇಯಿ, ಅಜ್ಜ."

ಸುದ್ದಿ ಮುಟ್ಟಿ ತೇಶೆಂಗ್ ಏದುಸಿರು ಬಿಡುತ್ತ ಓಡಿಬರುವಷ್ಟರಲ್ಲಿ ಪತ್ರ ಮುಗಿದಿತ್ತು.

"ತಲೆ ಕೆಟ್ಟಿದೆಯೇನೇ ನಿಂಗೆ? ನೆಲ ಮೈಲಿಗೆ ಮಾಡ್ಬಿಟ್ಟೆ!"

"ಹೌದು. ಕಮಾನೇ ಇಲ್ಲ ಅಂದ್ಮೇಲೆ ಆ ಹುಡುಗೀನ ಯಾವ ಸಂಭ್ರಮಕ್ಕೆ ಎಳೆದು ತರ್ತೀರಿ?"

"ನಿನ್ನ ಹೆಸರು ಕಲ್ಲಲ್ಲಿ ಶಾಶ್ವತವಾಗಿ ನಿಲ್ತಿತ್ತಲ್ಲೇ, ದರಿದ್ರದವಳೇ!"

"ಯಾವ ಹೆಸರು, ಭಾವ? ಹೇಳಿ ನೋಡೋಣ."

ತೇಶೆಂಗ್ ಬಾಯಿ ತೆರೆದ. ಫಾಂಗ್ ಮನೆತನದ ಸೊಸೆ, ಲಿಂಗ್ ಮನೆತನದ ಮಗಳು. ಕಲ್ಲಿನಲ್ಲಿ ಕೆತ್ತಲಿದ್ದದ್ದು ಅಷ್ಟೇ. ಇಪ್ಪತ್ತೆಂಟು ವರ್ಷ ಅವಳು ಬಡಿಸಿದ ಅನ್ನ ಉಂಡವನು ಪಾವ್‌ನ ಮುಖ ನೋಡಿದ. ಪಾವ್ ಕುಂಚ ತೊಳೆಯತೊಡಗಿದ.

ಯುನ್‌ಹೆ ಅಂಗೈಗೆ ಮಸಿ ಬಳಿದುಕೊಂಡು ಕಾಗದದ ಮೇಲೆ ಬಲವಾಗಿ ಒತ್ತಿದಳು. ಬಟ್ಟೆಗಂಟು ಹಿಡಿದು ಪಕ್ಕದಲ್ಲಿ ನಿಂತಿದ್ದ ಮಿನ್‌ಜು ಅಳಲೂ ಹೆದರಿದ್ದಳು.

"ಹೋಗು ಮಗಳೇ. ದೋಣಿ ಹತ್ತೋವರೆಗೂ ತಿರುಗಿ ನೋಡ್ಬೇಡ."

ಹುಡುಗಿ ಪತ್ರ ತೆಗೆದುಕೊಂಡು ಓಡಿದಳು. ತೇಶೆಂಗ್ ಒಂದು ಹೆಜ್ಜೆ ಮುಂದಿಟ್ಟ. ಯುನ್‌ಹೆ ದಾರಿಗೆ ಅಡ್ಡವಾಗಿ, ಕಪ್ಪು ಅಂಗೈಯನ್ನು ಅವನ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಿಂತಳು. ರೇಷ್ಮೆ ನಿಲುವಂಗಿಗೆ ಕಲೆಯಾದೀತೆಂದು ಅವನು ಅಲ್ಲೇ ನಿಂತ.