ಟ್ಯಾಂಕರ್ ಬೇಡ ಅಂದ ಚೀಫ್

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಧ್ಯಾಹ್ನ ಕೌಂಟಿಯ ಅಗ್ನಿಶಾಮಕ ಕಂಟ್ರೋಲ್ ರೂಮಿನಲ್ಲಿ ಕೂರೋದಕ್ಕೆ ಯಾರೂ ಮುಂದೆ ಬರುವುದಿಲ್ಲ. ಹಾಗಾಗಿ ಪ್ರತಿವರ್ಷ ನನ್ನ ಪಾಲಿಗೇ ಬರುತ್ತದೆ. ಮಕ್ಕಳಿಬ್ಬರನ್ನೂ ಅಜ್ಜಿಯ ಮನೆಯಲ್ಲಿ ಬಿಟ್ಟು ಬಂದು, ಡಬ್ಬಿಯಲ್ಲಿದ್ದ ತಣ್ಣನೆಯ ಆಲೂಗಡ್ಡೆಗೆ ಚಮಚ ಹಾಕಿದ್ದೆ ಅಷ್ಟೆ, ರೇಡಿಯೋ ಕರಕರ ಅಂದಿತು.

"ಕಂಟ್ರೋಲ್, ಚೀಫ್ ಮಾತಾಡ್ತಿರೋದು."

ಚೀಫ್ ಅಂದರೆ ವೆಂಡೆಲ್ ಹೋಕ್. ಹೊಟ್ಟೆಪಾಡಿಗೆ ಟ್ರ್ಯಾಕ್ಟರ್ ರಿಪೇರಿ, ಉಳಿದಂತೆ ನಮ್ಮ ಕಣಿವೆಯ ಸ್ವಯಂಸೇವಕ ಅಗ್ನಿಶಾಮಕ ಪಡೆಯ ಮುಖ್ಯಸ್ಥ. ಬಿಡಿಗಾಸು ಸಂಬಳವಿಲ್ಲದ ಆ ಹುದ್ದೆಯನ್ನು ಅವನು ನಡೆಸುವ ಗತ್ತು ನೋಡಿದರೆ ಗವರ್ನರ್ ಕೂಡ ಎದ್ದು ನಿಲ್ಲಬೇಕು.

"ಹೇಳಿ ಚೀಫ್."

"ಪಂಪ್‌ಹೌಸ್ ರಸ್ತೆ, ಸೇತುವೆ ದಾಟಿದ ಮೇಲೆ, ಒಂದು ಮನೆಯ ಹಿಂದಿನ ಜಗಲಿಗೆ ಬೆಂಕಿ. ಚಿಕ್ಕದು. ಡೆಲ್ಬರ್ಟ್‌ಗೆ ಬೆಂಕಿ ಲಾರಿ ತರೋಕೆ ಹೇಳಿ. ಟ್ಯಾಂಕರ್ ಬೇಡ."

"ಮನೆ ನಂಬರ್?"

"ಹೊಗೆ ಕಾಣುತ್ತೆ. ನಂಬರ್ ಯಾಕೆ?"

ನಂಬರಿಲ್ಲದ ವಿಳಾಸವನ್ನು ರೇಡಿಯೋದಲ್ಲಿ ಹೇಳಕೂಡದು, ಹೇಳಿದ್ದನ್ನೆಲ್ಲ ಕಂಟ್ರೋಲ್ ಅಕ್ಷರ ಬಿಡದೆ ತಿರುಗಿ ಹೇಳಬೇಕು, ಬೆಂಕಿ ಬಿದ್ದ ಮನೆಯವರ ಹೆಸರು ಎತ್ತಕೂಡದು. ಈ ಮೂರೂ ನಿಯಮ ಮಾಡಿದವನು ಇದೇ ವೆಂಡೆಲ್. ಅಷ್ಟರಲ್ಲಿ ಅವನ ದನಿಯ ಹಿಂದೆ ಒಂದು ನಾಯಿ ಬೊಗಳಿತು. ಎರಡು ಬೊಗಳು, ಒಂದು ಊಳು. ಅದು ಬಿಸ್ಕೆಟ್, ವೆಂಡೆಲ್‌ನ ಮನೆಯ ನಾಯಿ. ಅದರ ದನಿ ಗೊತ್ತಿಲ್ಲದವರು ನಮ್ಮಲ್ಲಿಲ್ಲ.

ನನಗೆ ಎಲ್ಲವೂ ಒಟ್ಟಿಗೇ ಹೊಳೆಯಿತು.

ಹಿಂದಿನ ವಾರವಷ್ಟೇ ವೆಂಡೆಲ್ ಶಾಲೆಯ ಮೈದಾನದಲ್ಲಿ ವರ್ಷಾವರ್ಷದ ಬೆಂಕಿ ಎಚ್ಚರಿಕೆಯ ಪ್ರದರ್ಶನ ಕೊಟ್ಟಿದ್ದ. ದೊಡ್ಡ ಹಂಡೆಯಲ್ಲಿ ಎಣ್ಣೆ ಕುದಿಸಿ, ಈ ಹಬ್ಬದೂಟದ ಟರ್ಕಿ ಕೋಳಿಯೊಂದನ್ನು ಮಂಜುಗಟ್ಟಿದ ಹಾಗೇ ಇಡಿಯಾಗಿ ಉದ್ದನೆಯ ಕೋಲಿನಿಂದ ಅದರೊಳಗೆ ಇಳಿಸಿ, ಬೆಂಕಿ ಧ್ವಜಸ್ತಂಭದೆತ್ತರ ಎದ್ದಾಗ ಮಕ್ಕಳ ಕಡೆ ತಿರುಗಿ ಕೇಳಿದ್ದ: "ಮನೇಲಿ ಹೀಗೆ ಮಾಡೋ ದಡ್ಡ ಯಾರು, ಮಕ್ಕಳೇ?" ಎಲ್ಲರೂ ಒಕ್ಕೊರಲಿನಿಂದ ಕೂಗಿದ್ದರು: "ಯಾರೂ ಇಲ್ಲ, ಚೀಫ್!" ಆ ಕೂಗಿನಲ್ಲಿ ನನ್ನ ಇಬ್ಬರು ಮಕ್ಕಳೂ ಇದ್ದರು.

ಟ್ಯಾಂಕರ್ ಯಾಕೆ ಬೇಡ ಅನ್ನುವುದೂ ಹೊಳೆಯಿತು. ನೀರಿನ ಟ್ಯಾಂಕರ್ ಇರುವುದು ಗುಡ್ಡದ ಆಚೆಯ ಶೆಡ್ಡಿನಲ್ಲಿ. ಓಡಿಸುವವಳು ಆರ್ಲೀನ್, ಚೀಫ್‌ನ ಹೆಂಡತಿ. ಅವತ್ತು ಅವಳು ಶೆಡ್ಡಿನ ಪಕ್ಕದಲ್ಲೇ ಇರುವ ಅಕ್ಕನ ಮನೆಗೆ ಹೋಗಿದ್ದಳು. ಒಲೆಯಲ್ಲಿ ಬೇಯಿಸಿದ ಟರ್ಕಿ ಒಣಗಿ ರಟ್ಟಾಗುತ್ತದೆ ಎಂದು ಗಂಡ ವರ್ಷಗಟ್ಟಲೆ ಗೊಣಗಿದ್ದಕ್ಕೆ ಅವಳು ಹೇಳಿದ್ದು ಒಂದೇ ಮಾತು: "ನನ್ನ ಮನೆ ಹತ್ರ ಎಣ್ಣೆ ಹಂಡೆ ಕಂಡರೆ ನೀನು ಟ್ಯಾಂಕರ್ ಶೆಡ್ಡಿನಲ್ಲೇ ಮಲಗು."

ನಮ್ಮ ಕಣಿವೆಯಲ್ಲಿ ಅಡುಗೆಮನೆಗೊಂದು ಸ್ಕ್ಯಾನರ್ ರೇಡಿಯೋ. ಪಡೆ ಆಡುವ ಮಾತೆಲ್ಲ ಸಾರು ಕುದಿಸುತ್ತಲೇ ಕೇಳಬಹುದು. ಆದರೆ ಕೈಯಲ್ಲಿ ಹಿಡಿಯುವ ರೇಡಿಯೋ ಗುಡ್ಡ ದಾಟುವುದಿಲ್ಲ. ಆ ಕಡೆಯವರಿಗೆ ಕೇಳಿಸುವುದು ಗುಡ್ಡದ ಮೇಲಿನ ಗೋಪುರದಿಂದ ಹೋಗುವ ನನ್ನ ದನಿ ಮಾತ್ರ. ಅಂದರೆ ಆರ್ಲೀನ್ ಮುಂದೆ ವೆಂಡೆಲ್‌ನ ಮಾನ ನನ್ನ ನಾಲಿಗೆ ಮೇಲೆ ಕೂತಿತ್ತು.

ಅವನು ಹೇಳಿದಷ್ಟನ್ನೇ ತಿರುಗಿ ಹೇಳಿದೆ. "ಪಂಪ್‌ಹೌಸ್ ರಸ್ತೆ, ಸೇತುವೆಯ ಆಚೆ, ಹಿಂದಿನ ಜಗಲಿ. ಬೆಂಕಿ ಲಾರಿ ಮಾತ್ರ. ಟ್ಯಾಂಕರ್ ಬೇಡ."

ಡೆಲ್ಬರ್ಟ್ ಹಾಲಿನ ಡೈರಿಯವನು. ಬೆಂಕಿ ಲಾರಿ ಅವನ ಕೊಟ್ಟಿಗೆಯ ಪಕ್ಕದಲ್ಲೇ ಇರುತ್ತದೆ. ಹಬ್ಬದೂಟದಿಂದ ಎದ್ದು, ಕಡುಬಿನ ಚೂರು ಬಾಯಲ್ಲಿಟ್ಟುಕೊಂಡೇ ಹೊರಟ. ತಲುಪಿದವನೇ ಕೈರೇಡಿಯೋ ಒತ್ತಿದ.

"ಕಂಟ್ರೋಲ್, ಬಂದೆ. ಚೀಫ್ ಇಲ್ಲೇ ನಿಂತಿದಾರೆ, ಏಪ್ರನ್ ಕಟ್ಕೊಂಡಿದಾರೆ. ಅಯ್ಯೋ ಚೀಫ್, ಇದು ನಿಮ್ಮ..."

"ಡೆಲ್ಬರ್ಟ್! ರೇಡಿಯೋದಲ್ಲಿ ಅನಗತ್ಯ ಮಾತು ಬೇಡ!"

"ಸರಿ ಚೀಫ್. ಕಂಟ್ರೋಲ್, ಇದು ಯಾರದೋ ಮನೆ."

"ಒಳಗೆ ಯಾರಾದರೂ ಇದಾರಾ?" ನಾನು ಕೇಳಿದೆ.

"ಯಾರೂ ಇಲ್ಲ," ಅಂದ ವೆಂಡೆಲ್. "ಮನೆ ಯಜಮಾನ ಹೊರಗಿದಾನೆ, ಕ್ಷೇಮ. ಯಜಮಾನ್ತಿ ಊರಲ್ಲಿಲ್ಲ, ದೇವರ ದಯೆ."

ನೀರಿನ ಮೋಟರು ಗುಡುಗುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ಡೆಲ್ಬರ್ಟ್. ಈ ಸಲ ಅವನ ದನಿಯಲ್ಲಿ ನಗೆ ಇರಲಿಲ್ಲ.

"ಚೀಫ್, ಬೆಂಕಿ ಅಡುಗೆಮನೆ ಗೋಡೆಗೆ ಹತ್ತಿದೆ. ಲಾರಿ ನೀರು ಅರ್ಧಕ್ಕಿಂತ ಕೆಳಗೆ ಬಂತು. ಟ್ಯಾಂಕರ್ ಬೇಕೇ ಬೇಕು."

ಆ ರಸ್ತೆಯಲ್ಲಿ ಲಾರಿಗೆ ನೀರು ತುಂಬಿಸುವ ನಲ್ಲಿ ಕಂಬವಿಲ್ಲ. ಹಳ್ಳದಲ್ಲಿ ಎಷ್ಟು ಕಮ್ಮಿ ನೀರೆಂದರೆ ಬಾತುಕೋಳಿ ನಡೆದುಕೊಂಡೇ ದಾಟುತ್ತದೆ. ಲಾರಿಯ ನೀರು ಮುಗಿದರೆ ಮನೆ ಮುಗಿದಂತೆ. ಗಂಡ ಹೆಂಡತಿ ಒಂದೊಂದೇ ಹಲಗೆ ಹೊಡೆದು ಕಟ್ಟಿದ ಮನೆ ಅದು. ಆ ಅಡುಗೆಮನೆ ಗೋಡೆಗೆ ಹಳದಿ ಬಳಿದವಳು ಆರ್ಲೀನ್, ಏಣಿ ಹಿಡಿದುಕೊಂಡವಳು ನಾನು.

"ಚೀಫ್, ಟ್ಯಾಂಕರ್ ಕರೀಲಾ?"

ಬಿಸ್ಕೆಟ್ ಒಮ್ಮೆ ಊಳಿಟ್ಟಿತು.

"ಚೀಫ್?"

"ಕರಿ," ಅಂದ.

"ವಿಳಾಸ?"

"ನಿಂಗೆ ಗೊತ್ತಲ್ಲ, ಮಾರಾಯ್ತಿ!"

"ಗೊತ್ತು. ಆದರೆ ನೀವೇ ಹೇಳ್ಬೇಕು, ನಂಬರ್ ಸಮೇತ. ನಿಯಮ ನಿಮ್ಮದೇ."

ಅವನು ಉಸಿರೆಳೆದದ್ದು ಕಣಿವೆಯ ಅಷ್ಟೂ ಅಡುಗೆಮನೆಗಳಲ್ಲಿ ಕೇಳಿಸಿರಬೇಕು. "ನಲವತ್ತೊಂದು, ಪಂಪ್‌ಹೌಸ್ ರಸ್ತೆ. ನನ್ನ ಮನೆ. ಟರ್ಕಿ ಕರಿಯೋಕೆ ಹೋದೆ. ಬೇಗ ಬರೋಕೆ ಹೇಳು, ಗೋಡೆ ಹೋಗ್ತಿದೆ."

ನಾನು ತಿರುಗಿ ಹೇಳಿದೆ. ನಂಬರು, ರಸ್ತೆ, 'ನನ್ನ ಮನೆ', ಟರ್ಕಿ, ಗೋಡೆ. ಒಂದಕ್ಷರ ಬಿಡಲಿಲ್ಲ. ಆಮೇಲೆ ಟ್ಯಾಂಕರ್‌ನ ಉತ್ತರಕ್ಕೆ ಕಾದೆ. ಗುಡ್ಡ ಹತ್ತಿ ಇಳಿಯಬೇಕಲ್ಲ, ಗೋಡೆ ಅಷ್ಟು ಹೊತ್ತು ತಾಳೀತೇ?

"ಕಂಟ್ರೋಲ್, ಟ್ಯಾಂಕರ್ ಮಾತಾಡ್ತಿರೋದು." ಆರ್ಲೀನ್‌ಳ ದನಿ. ಹಿಂದೆ ಇಂಜಿನ್ ಗುರುಗುಟ್ಟುತ್ತಿತ್ತು. "ಗುಡ್ಡ ಇಳೀತಿದೀನಿ. ಸೇತುವೆ ಕಾಣ್ತಿದೆ."

"ಟ್ಯಾಂಕರ್, ಇಷ್ಟು ಬೇಗ ಹೇಗೆ?"

"ನೀನು ಮೊದಲ ಸಲ 'ಟ್ಯಾಂಕರ್ ಬೇಡ' ಅಂದೆಯಲ್ಲ, ಆಗಲೇ ಹೊರಟೆ. ಆ ಮನುಷ್ಯ ಕಸದಬುಟ್ಟಿಗೆ ಕಿಡಿ ತಾಗಿದ್ರೂ ಟ್ಯಾಂಕರ್ ಕರೀತಾನೆ. ಬೇಡ ಅಂದ ಅಂದ್ರೆ ನನ್ನ ಮುಖ ನೋಡೋ ಧೈರ್ಯ ಇಲ್ಲ ಅಂತ ತಾನೆ."

ಗುಡ್ಡದ ಈಚೆಗೆ ಬಂದಿದ್ದರಿಂದ ಅವಳೀಗ ಗಂಡನ ಜೊತೆ ನೇರವಾಗಿ ಮಾತಾಡಬಹುದಿತ್ತು. ಮಾತಾಡಲಿಲ್ಲ.

"ಕಂಟ್ರೋಲ್, ಚೀಫ್‌ನ ಕೇಳು, ಕೋಳಿಯ ಮಂಜು ಕರಗಿತ್ತಾ ಅಂತ."

"ಚೀಫ್, ಕೋಳಿಯ ಮಂಜು ಕರಗಿತ್ತಾ ಅಂತ ಟ್ಯಾಂಕರ್ ಕೇಳ್ತಿದೆ."

"ಹೊರಗಡೆ ಕರಗಿತ್ತು."

"ಟ್ಯಾಂಕರ್, ಹೊರಗಡೆ ಕರಗಿತ್ತಂತೆ."

"ಒಳಗಡೆ?"

"ಚೀಫ್, ಒಳಗಡೆ?"

"ಒಳಗೆ ಕೈ ಹಾಕಿ ನೋಡ್ಲಿಲ್ಲ!"

"ಟ್ಯಾಂಕರ್, ಒಳಗೆ ಕೈ ಹಾಕಿ ನೋಡ್ಲಿಲ್ಲವಂತೆ."

"ಮಾತು ತಲುಪಿತು," ಅಂದಳು ಆರ್ಲೀನ್. "ಡೆಲ್ಬರ್ಟ್, ಪೈಪ್ ಹಿಡಿ. ಬಂದೆ."

ಆಮೇಲೆ ಬಹಳ ಹೊತ್ತು ಕೇಳಿಸಿದ್ದು ನೀರಿನ ಸದ್ದು, ಬೂಟಿನ ಸದ್ದು, ಎಳಿ, ಬಿಡು, ಎಡಕ್ಕೆ ಹೊಡಿ ಅನ್ನುವ ಕೂಗು. ನನ್ನ ಆಲೂಗಡ್ಡೆ ಕಲ್ಲಾಯಿತು. ಕೊನೆಗೆ ವೆಂಡೆಲ್‌ನ ದನಿ, ಗತ್ತೆಲ್ಲ ತೊಳೆದುಹೋದ ದನಿ.

"ಕಂಟ್ರೋಲ್, ಬೆಂಕಿ ಆರಿತು. ಜಗಲಿ ಹೋಯ್ತು, ಕಿಟಕಿ ಹೋಯ್ತು. ಗೋಡೆ ಕಪ್ಪಾಗಿದೆ, ನಿಂತಿದೆ. ಯಾರಿಗೂ ಪೆಟ್ಟಾಗಿಲ್ಲ. ಕಾರಣ, ಅಡುಗೆ."

"ಕಂಟ್ರೋಲ್," ಆರ್ಲೀನ್ ನಡುವೆ ಬಾಯಿ ಹಾಕಿದಳು, "ಅದನ್ನ ಅಡುಗೆ ಅನ್ಬೇಡ. ಕಾರಣ, ಚೀಫ್."

"ಚೀಫ್, ತಿದ್ದುಪಡಿ ಒಪ್ಪಿಗೆಯೇ?"

"ಒಪ್ಪಿಗೆ."

"ಕೋಳಿ ಏನಾಯ್ತು, ಚೀಫ್?" ಇದು ನಿಯಮದಲ್ಲಿರಲಿಲ್ಲ. ಆದರೆ ಇಡೀ ಕಣಿವೆಯ ಪರವಾಗಿ ಕೇಳಲೇಬೇಕಿತ್ತು.

"ಹಂಡೆ ಉರುಳಿದಾಗ ಹುಲ್ಲಿಗೆ ಬಿತ್ತು. ಬಿಸ್ಕೆಟ್ ಮೂಸಿ ನೋಡಿ ಬಿಟ್ಟುಹೋಯ್ತು."

ಫೋನ್ ಗುಂಯ್‌ಗುಟ್ಟಿತು. ಅಜ್ಜಿ ಮನೆಯ ಸ್ಕ್ಯಾನರ್ ಕೇಳುತ್ತಿದ್ದ ಮಗನ ಸಂದೇಶ: "ಅಮ್ಮಾ, ಆ ದಡ್ಡ ಯಾರು ಅಂತ ಗೊತ್ತಾಯ್ತು!"

ಚಾನೆಲ್ ಮುಚ್ಚಬೇಕೆನ್ನುವಾಗ ವೆಂಡೆಲ್ ಮತ್ತೆ ಗುಂಡಿ ಒತ್ತಿದ. "ಕಂಟ್ರೋಲ್, ಟ್ಯಾಂಕರ್‌ಗೆ ಒಂದು ಮಾತು ತಲುಪಿಸ್ಬೇಕು. ತಪ್ಪಾಯ್ತು, ಹೊಸ ಜಗಲಿ ನಾನೇ ಕಟ್ತೀನಿ, ನಿನ್ನ ಟರ್ಕಿ ಒಣಗಿರಲ್ಲ ಅಂತ ಹೇಳು."

"ಟ್ಯಾಂಕರ್, ತಪ್ಪಾಯ್ತಂತೆ. ಹೊಸ ಜಗಲಿ ಅವರೇ ಕಟ್ತಾರಂತೆ. ನಿನ್ನ ಟರ್ಕಿ ಒಣಗಿರಲ್ಲವಂತೆ."

"ಕೊನೇದನ್ನ ಇನ್ನೊಂದು ಸಲ ಹೇಳು ಕಂಟ್ರೋಲ್, ಸರಿಯಾಗಿ ಕೇಳಿಸ್ಲಿಲ್ಲ."

ಗಟ್ಟಿಯಾಗಿ ಹೇಳಿದೆ.

"ತಲುಪಿತು. ಚೀಫ್‌ಗೆ ಹೇಳು, ನಾನು ಅವನ ಬೆನ್ನ ಹಿಂದೇನೇ ನಿಂತಿದೀನಿ. ಅಕ್ಕ ಕಟ್ಟಿಕೊಟ್ಟ ಊಟ ಟ್ಯಾಂಕರ್ ಸೀಟ್ ಮೇಲಿದೆ, ಒಣಗಿದ ಟರ್ಕಿನೇ. ಕೈ ತೊಳ್ಕೊಂಡು ಬರ್ಲಿ."

ಅದನ್ನೂ ತಿರುಗಿ ಹೇಳಿದೆ.