ಬಲಗಡೆಯ ಮಾತು

ದೋಣಿ ಹತ್ತಿ ಕುಳಿತ ಹೊತ್ತಿನಿಂದ ಅನ್ನಪೂರ್ಣಳ ಬಾಯಿ ನಿಂತಿರಲಿಲ್ಲ. ಹೊಸಪೇಟೆಯ ಅವಳ ಓಣಿಯವರು ನೋಡಿದ್ದರೆ ನಂಬುತ್ತಿರಲಿಲ್ಲ. ನಲ್ಲಿಯ ಮುಂದೆ ಜಗಳ ಎದ್ದಾಗಲೂ ಕೊಡ ಕೆಳಗಿಟ್ಟು ಸುಮ್ಮನೆ ನಿಲ್ಲುವ ಹೆಂಗಸು, ಮದುವೆ ಮನೆಯಲ್ಲೂ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವಳು, ಈಗ ತುಂಗಭದ್ರೆಯ ಹಿನ್ನೀರಿನ ನಡುವೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ತೊಟ್ಟು ಒಂದೇ ಸಮನೆ ವಟಗುಟ್ಟುತ್ತಿದ್ದಳು.

"ರೀ, ಆ ಕಡಿ ನೋಡ್ರಿ, ಎಷ್ಟು ಚಂದ ಹಕ್ಕಿ ಕುಂತಾವು! ಬಲಗಡಿರಿ, ಬಲಗಡಿ. ಬಂಡಿ ಮ್ಯಾಲ ಕುಂತಾವು."

ಚುಕ್ಕಾಣಿ ಹಿಡಿದು ಹಿಂದೆ ಕುಳಿತಿದ್ದ ಅವಳ ಗಂಡ ಗಾಳೆಪ್ಪ, "ಹೂಂ, ಮಸ್ತ್ ಅದಾವು" ಎಂದು ಕೈಯನ್ನು ಒಂಚೂರು ಒತ್ತಿದ. ನೀರಿನಿಂದ ಅರ್ಧ ತಲೆ ಎತ್ತಿದ್ದ ಬಂಡೆಯಿಂದ ದೋಣಿ ದೂರ ಸರಿಯಿತು. ಹಕ್ಕಿ ಅವನಿಗೆ ಒಂದೂ ಕಂಡಿರಲಿಲ್ಲ.

"ಏನಕ್ಕಾ, ಇವತ್ತು ನಿಮಗ ಬಾಯಿ ಬಂದೈತಲ್ಲ!" ಎಂದು ಹಾಯಿಯ ಹಗ್ಗ ಹಿಡಿದಿದ್ದ ಹಾಲೇಶ್ ನಕ್ಕ. "ಮನ್ಯಾಗ ಹಿಂಗ ಮಾತಾಡಿದ್ರ ಗಾಳೆಪ್ಪಣ್ಣ ಎಂದೋ ಮನಿ ಬಿಟ್ಟು ಓಡಿಹೋಗ್ತಿದ್ದ."

"ಮಾತಾಡ್ಲಿ ಬಿಡ್ರಿ, ಅಪರೂಪಕ್ಕ ಖುಷಿ ಅದಾಳ ಅಕ್ಕ" ಎಂದಳು ಅವನ ಹೆಂಡತಿ ಸೌಜನ್ಯ.

ಖುಷಿ! ಅನ್ನಪೂರ್ಣಳಿಗೆ ಉಗುಳು ನುಂಗಲೂ ಪುರುಸೊತ್ತಿರಲಿಲ್ಲ. ಕೂತಲ್ಲಿ ಕೂರಲಾರಳು, ಕಣ್ಣು ಒಂದೆಡೆ ನಿಲ್ಲದು. ಬಲಗಡೆ ತೆಪ್ಪ ಕಂಡರೆ ತೆಪ್ಪವನ್ನು ಹೊಗಳಬೇಕು, ಮೀನಿನ ಬಲೆಗೆ ಕಟ್ಟಿದ ಖಾಲಿ ಬಾಟಲಿಗಳು ತೇಲಿದರೆ ಅವನ್ನೂ ಹೊಗಳಬೇಕು. ಇಷ್ಟು ಚಂದದ ಪ್ಲಾಸ್ಟಿಕ್ ಬಾಟಲಿಯನ್ನು ಲೋಕದಲ್ಲಿ ಯಾರೂ ಕಂಡಿರಲಿಕ್ಕಿಲ್ಲ ಎಂಬಂತೆ ಅವಳು ಕೈ ಚಾಚಿ ತೋರಿಸುತ್ತಿದ್ದಳು.

ಸಂಗತಿಯನ್ನು ಇಲ್ಲೇ ಹೇಳಿಬಿಡುವುದು ವಾಸಿ. ಗಾಳೆಪ್ಪನ ಬಲಗಣ್ಣು ಹೋಗಿತ್ತು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ, ಎಡಗಣ್ಣಿನಷ್ಟೇ ಚೊಕ್ಕವಾಗಿ ಮಿಟುಕುತ್ತಿತ್ತು. ಊಟಕ್ಕೆ ಕೂತಾಗಲೆಲ್ಲ ಬಲಗಡೆಯ ಮಜ್ಜಿಗೆ ಲೋಟ ಉರುಳಿಸತೊಡಗಿದ ಮೇಲೆ ಅನ್ನಪೂರ್ಣ ಹಟ ಹಿಡಿದು ಹುಬ್ಬಳ್ಳಿಗೆ ಕರೆದೊಯ್ದಳು. ಒಳಗಿನ ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ, ಹನಿ ಹಾಕಿಕೊಂಡು ಇನ್ನೊಂದನ್ನು ಕಾಪಾಡಿಕೊಳ್ಳಿ ಎಂದರು ಅಲ್ಲಿನ ಡಾಕ್ಟರು.

ಗಾಳೆಪ್ಪ ಸಂಡೂರಿನ ಗುಡ್ಡದ ಒಂದು ಗಣಿಯಲ್ಲಿ ಡಂಪರ್ ಓಡಿಸುವವನು. ಮನೆಗಿಂತ ಎತ್ತರದ ಗಾಡಿ ಅದು, ಚಕ್ರವೇ ಆಳುದ್ದ. ಡ್ರೈವರು ಎಡಗಡೆ ಮೇಲೆ ಕೂರುವುದರಿಂದ ಬಲಗಡೆಯ ನೆಲ ಎರಡು ಕಣ್ಣಿದ್ದವನಿಗೂ ಸರಿಯಾಗಿ ಕಾಣದು. ಹುಬ್ಬಳ್ಳಿಯಿಂದ ಬರುವಾಗ ಬಸ್ಸಿನಲ್ಲೇ ಅವನು ಹೆಂಡತಿಯ ಕೈಯೆತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಿದ್ದ.

"ಆಣಿ ಮಾಡು. ಈ ಸುದ್ದಿ ನಿನ್ನ ಬಾಯಿಂದ ಯಾರ ಮುಂದೂ ಬರಬಾರ್ದು."

"ಯಾಕ್ರಿ? ಕಂಪನಿಯವ್ರು ಬ್ಯಾರೆ ಕೆಲಸ ಕೊಡ್ತಾರಂತಲ್ಲ?"

"ಕೊಡ್ತಾರ. ಗೇಟಿನಾಗ ಸೀಟಿ ಕೊಟ್ಟು ಕುಂದ್ರಿಸ್ತಾರ. ನನ್ನ ಕೈಯಾಗ ಕಲ್ತ ಹುಡುಗ್ರ ಗಾಡಿಗೆ ನಾ ಗೇಟ್ ತಗಿಬೇಕು. ಅದಕ್ಕಿಂತ ಸಾಯೋದು ಚಲೋ."

ಅವನ ತಲೆಯ ಮೇಲೆ ಕೈಯಿಟ್ಟು ಅವಳು ಆಣೆ ಮಾಡಿದಳು. ಗಂಡ ಸಾಯುವ ಮಾತಾಡುತ್ತಿದ್ದಾಗ ಇನ್ನೇನು ಮಾಡಿಯಾಳು? ಆಮೇಲೆ ಬಂದ ಕಂಪನಿಯ ಕಣ್ಣಿನ ಪರೀಕ್ಷೆಯಲ್ಲಿ, ಸಾಲಿನಲ್ಲಿ ಮುಂದಿದ್ದವರು ಓದಿದ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಅವನು ಪಾಸಾಗಿ ಬಂದ. ಮನೆಗೆ ಬಂದು ಅದನ್ನು ನಗುತ್ತಾ ಹೇಳಿದ. ಅವಳಿಗೆ ನಗು ಬರಲಿಲ್ಲ.

ಮಾತಾಡುವ ಉಪಾಯ ಹುಟ್ಟಿದ್ದು ಬೈಕಿನ ಮೇಲೆ. ಕಂಪ್ಲಿ ರಸ್ತೆಯಲ್ಲಿ ಒಮ್ಮೆ ಬಲಗಡೆಯಿಂದ ಭತ್ತದ ಟ್ರ್ಯಾಕ್ಟರ್ ಮೈಮೇಲೆ ಬಂದಾಗ ಹಿಂದೆ ಕೂತವಳು ಕಿರುಚಿದ್ದಳು. ಅಂದಿನಿಂದ ಕಿರುಚುವ ಬದಲು ಬಲಗಡೆ ಕಂಡದ್ದನ್ನೆಲ್ಲ ಹೊಗಳತೊಡಗಿದಳು. ಇಬ್ಬರೂ ಕೂತು ಮಾಡಿಕೊಂಡ ಒಪ್ಪಂದವೇನಲ್ಲ, ಹಾಗೇ ರೂಢಿಯಾಯಿತು. ಬೈಕಿನ ಮೇಲೆ ಅವಳಿರುತ್ತಿದ್ದಳು. ಗುಡ್ಡದ ಮೇಲೆ ಅವಳಿರುತ್ತಿರಲಿಲ್ಲ. ಅವನು ಕೆಲಸಕ್ಕೆ ಹೋದ ದಿನ ಅವಳು ಮನೆಯಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದಳು, ಫೋನು ಸದ್ದು ಮಾಡಿದರೆ ಎದೆ ಧಸಕ್ಕೆನ್ನುತ್ತಿತ್ತು.

ಇನ್ನು ಈ ಹಾಯಿದೋಣಿಯ ಹುಚ್ಚು. ಅದು ಗಾಳೆಪ್ಪ ಮತ್ತು ಅದೇ ಗಣಿಯ ಆಫೀಸಿನಲ್ಲಿದ್ದ ಹಾಲೇಶ್, ಈ ಗೆಳೆಯರಿಬ್ಬರದೂ. ಕಾರವಾರದಲ್ಲಿ ಯಾರೋ ಮೂಲೆಗೆ ಎಸೆದಿದ್ದ ಫೈಬರ್ ದೋಣಿಯನ್ನು ಲಾರಿಯ ಮೇಲೆ ತಂದು, ನಡುವೆ ಕಬ್ಬಿಣದ ಪೈಪು ನಿಲ್ಲಿಸಿ, ಅದಿರು ಲಾರಿಗೆ ಹೊದಿಸುವ ತಾಡಪತ್ರಿಯನ್ನು ಸೀಟ್ ಹೊಲಿಯುವವನ ಹತ್ತಿರ ಹಾಯಿಯಾಗಿ ಹೊಲಿಸಿದ್ದರು. ಎಷ್ಟು ತೊಳೆದರೂ ಅದಿರಿನ ಕೆಂಪು ಹೋಗಿರಲಿಲ್ಲ. ಓಡಿಸುವುದನ್ನು ಮೊಬೈಲ್ ನೋಡಿ ಕಲಿತು ದಡದ ಆಸುಪಾಸಿನಲ್ಲೇ ನಾಲ್ಕಾರು ಸಲ ಸುತ್ತಿದ್ದರು. ದೀಪಾವಳಿ ಕಳೆದ ಈ ಭಾನುವಾರ, ಡ್ಯಾಮು ತುಂಬಿರುವಾಗ ಹೆಂಡತಿಯರಿಗೆ ನಡುಗಡ್ಡೆ ತೋರಿಸಲು ಹೊರಟಿದ್ದರು. ನಡುಗಡ್ಡೆಯೆಂದರೆ ಮುಳುಗಿದ ಗುಡ್ಡಗಳ ನೆತ್ತಿಗಳೇ.

ಮೊದಲ ನಡುಗಡ್ಡೆಗೆ ಒಂದು ಸುತ್ತು ಹಾಕಿ, ಎರಡನೆಯದರಲ್ಲಿ ಇಳಿದು ಊಟಕ್ಕೆ ಕುಳಿತರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಅನ್ನಪೂರ್ಣಳದು. ಕಂಪ್ಲಿಯ ತವರಿನ ಕೈರುಚಿ ಎಂದು ಸೌಜನ್ಯ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿದ್ದಳು. ತಿನ್ನುತ್ತಾ ತಿನ್ನುತ್ತಾ ಹಾಲೇಶ್ ತಡೆದಿಟ್ಟುಕೊಂಡಿದ್ದ ಸುದ್ದಿ ಹೇಳಿದ.

"ಗಾಳೆಪ್ಪಣ್ಣ, ನಾಳೆಯಿಂದ ನಂದೂ ಕೆಳಗ ಗಣಿಯಾಗ ಡ್ಯೂಟಿ. ಆಫೀಸ್ ಸಾಕಾಯ್ತು. ಜೀಪ್ ಕೊಟ್ಟಾರ. ನಿಮ್ಮ ಡಂಪರ್ ಸಾಲಿನ ಉಸ್ತುವಾರಿ ಇನ್ನ ನಂದ."

ಗಾಳೆಪ್ಪನ ಕೈಯಲ್ಲಿದ್ದ ರೊಟ್ಟಿ ತುಸು ಹೊತ್ತು ಅಲ್ಲೇ ನಿಂತಿತು. "ಚಲೋ ಆತಲ್ಲ" ಎಂದ.

"ನಾ ಬ್ಯಾಡ ಅಂತ ಭಾಳ ಜಗಳಾಡಿದ್ದೆ ಅಕ್ಕಾ" ಎಂದು ಸೌಜನ್ಯ ಅನ್ನಪೂರ್ಣಳ ಕಡೆ ತಿರುಗಿದಳು. "ಆ ದೊಡ್ಡ ಗಾಡಿಗಳ ನಡುಕ ಜೀಪ್ ಅಂದ್ರ ಇರುವಿ ಇದ್ದಂಗ. ಆಮ್ಯಾಲ ಸಾಲಿನಾಗ ಯಾರ್ಯಾರು ಅದಾರ ಅಂತ ಕೇಳಿದೆ. ಮುಂದಿನ ಗಾಡಿ ಗಾಳೆಪ್ಪಣ್ಣಂದು ಅಂದ್ರು. ಹಂಗಾದ್ರ ಹೋಗ್ರಿ ಅಂದೆ. ಅಣ್ಣನ ಮ್ಯಾಲ ನನಗ ಅಷ್ಟು ಧೈರ್ಯ."

ಅನ್ನಪೂರ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. ಇಷ್ಟು ದಿನ ಅವಳು ಹೆದರಿದ್ದು ಗಂಡನಿಗೆ. ಅವನ ಗಾಡಿಯ ಬಲಗಡೆ ಯಾರಿರುತ್ತಾರೆ ಎಂದು ಯೋಚಿಸಲು ಅವಳ ಮನಸ್ಸು ಒಪ್ಪಿರಲಿಲ್ಲ. ಈಗ ಅಲ್ಲಿ ಹಾಲೇಶ್ ಕಂಡ, ಮಿರ್ಚಿಯ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ನಗುತ್ತಿದ್ದ ಹಾಲೇಶ್.

ತಟ್ಟೆ ತೊಳೆಯುವ ನೆಪದಲ್ಲಿ ಅವಳು ಗಂಡನನ್ನು ನೀರಿನ ಅಂಚಿಗೆ ಕರೆದಳು.

"ಹಾಲೇಶ್‌ಗ ಹೇಳಿಬಿಡ್ರಿ."

"ಏನು ಹೇಳ್ಲಿ?"

"ಗೊತ್ತಿಲ್ಲದೋರಂಗ ಕೇಳಬ್ಯಾಡ್ರಿ. ಆ ಹುಡುಗಿ ನಿಮ್ಮ ಧೈರ್ಯದ ಮ್ಯಾಲ ಗಂಡನ್ನ ಕಳಿಸಾಕತ್ಯಾಳ."

"ಇಷ್ಟು ದಿನ ಏನರ ಆಗೈತೇನು? ಕತ್ತು ಪೂರಾ ತಿರುಗಿಸಿ ನೋಡ್ತೀನಿ. ನನ್ನ ಕೆಲಸ ನನಗ ಗೊತ್ತೈತಿ."

"ಇವತ್ತು ಆ ಹಕ್ಕಿ ಕುಂತಿದ್ದ ಬಂಡಿ ಕಂಡಿತ್ತೇನು ನಿಮಗ?"

ಅವನ ಮುಖ ಕೆಂಪಾಯಿತು. "ಆಣಿ ಮಾಡಿದ್ದಿ, ನೆನಪೈತಿಲ್ಲ? ನನ್ನ ತಲಿ ಮುಟ್ಟಿ ಮಾಡಿದ್ದಿ. ಬಾಯಿ ಬಿಟ್ಟೀ ಅಂದ್ರ ನನ್ನ ಹೆಣ ನೋಡ್ತಿ." ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದ.

ಅವಳಿಗೆ ಸಿಟ್ಟು ಬಂತು. ಅಳುವೂ ಬಂತು. ಆಣೆ ಎಂಬುದನ್ನು ನಂಬುವವಳು ಅವಳು, ಬಾಯಿ ಬಿಟ್ಟರೆ ಅವನಿಗೆ ಕೇಡಾಗುತ್ತದೆಂಬ ಭಯ ಎಲುಬಿನಲ್ಲೇ ಇತ್ತು. ಬಿಡದಿದ್ದರೆ ಕೇಡಾಗುವುದು ಯಾರಿಗೋ ಆ ಸೌಜನ್ಯ ಅಲ್ಲಿ ನೆರಳಲ್ಲಿ ಕೂತು ಬುತ್ತಿ ಕಟ್ಟುತ್ತಿದ್ದಳು.

ಮರಳುವಾಗ ಗಾಳಿ ಎದುರಾಯಿತು. ದೋಣಿ ಅಡ್ಡಡ್ಡ ಹೋಗಿ, ತಿರುಗಿ, ಮತ್ತೆ ಅಡ್ಡ ಹೋಗಿ ದಡ ಹಿಡಿಯಬೇಕು. ತಿರುಗುವಾಗಲೆಲ್ಲ ತಾಡಪತ್ರಿ ಪಟಪಟ ಬಡಿದು ಎಲ್ಲರೂ ತಲೆ ತಗ್ಗಿಸುತ್ತಿದ್ದರು. ಅನ್ನಪೂರ್ಣ ಬಾಯಿ ಬಿಗಿಹಿಡಿದು ಕುಳಿತಿದ್ದಳು. ಹಾಲೇಶ್ ತಮಾಷೆ ಮಾಡಿದರೂ ನಗಲಿಲ್ಲ. ಗಾಳೆಪ್ಪ ಒಂದೆರಡು ಸಲ ಅವಳ ಕಡೆ ನೋಡಿದ. ಅವನಿಗೂ ಚಡಪಡಿಕೆ ಶುರುವಾಗಿತ್ತು. ಕತ್ತನ್ನು ಕೋಳಿಯ ಹಾಗೆ ಮತ್ತೆಮತ್ತೆ ಬಲಕ್ಕೆ ತಿರುಗಿಸುತ್ತಿದ್ದ.

ಬಲಗಡೆಯಿಂದ ಒಂದು ತೆಪ್ಪ ಬಂತು, ಅದರಲ್ಲಿ ಬಲೆ ಎತ್ತುತ್ತಿದ್ದ ಗಂಡ ಹೆಂಡತಿ. ಜನ ಇರುವಲ್ಲಿ ಅನ್ನಪೂರ್ಣಳಿಗೆ ಸುಮ್ಮನಿರಲು ಆಗಲಿಲ್ಲ. "ಬಲಗಡಿ ನೋಡ್ರಿ, ಮೀನು ಹಿಡ್ಯಾಕತ್ಯಾರ, ಚಂದ ಐತಿ" ಎಂದಳು. ಅವನು ದೋಣಿ ಸರಿಸಿದ. ಅವನ ಮುಖ ಸಡಿಲವಾಯಿತು. ಹೆಂಡತಿ ಸರಿಹೋದಳು ಎಂದುಕೊಂಡಿರಬೇಕು.

ದಡ ಹತ್ತಿರವಾಯಿತು. ಗಾಳಿಯೂ ಇಳಿದಿತ್ತು, ದೋಣಿ ನಡೆಯುವವರ ವೇಗಕ್ಕೆ ಬಂದಿತ್ತು. ಹಾಯಿ ಎಡಗಡೆ ಬಾಗಿ ಬಲಗಡೆಯೆಲ್ಲ ಬಯಲಾಗಿತ್ತು. ಆ ಬಯಲಿನಲ್ಲಿ, ಸೊಂಟದುದ್ದದ ನೀರಿನಲ್ಲಿ, ಒಂದು ಒಣ ಜಾಲಿ ಮರ ಕೊಂಬೆ ಚಾಚಿ ನಿಂತಿತ್ತು. ಗಾಡಿ ನಿಲ್ಲಿಸಿದ್ದ ಜಾಗಕ್ಕೆ ಇನ್ನು ಬಲಕ್ಕೇ ತಿರುಗಬೇಕು. ಗಾಳೆಪ್ಪನ ಕಣ್ಣು ಹಾಯಿಯ ಮೇಲಿತ್ತು. ಹಾಲೇಶ್ ಬಗ್ಗಿ ಹಗ್ಗದ ಗಂಟು ಬಿಚ್ಚುತ್ತಿದ್ದ. ಸೌಜನ್ಯ ಚಪ್ಪಲಿ ಹುಡುಕುತ್ತಿದ್ದಳು.

ಅನ್ನಪೂರ್ಣ ಮರವನ್ನು ನೋಡಿದಳು. ಎಲ್ಲರ ಜಾಕೆಟ್ಟಿನ ಪಟ್ಟಿ ನೋಡಿದಳು. ಬಾಯಿ ತಾನಾಗಿಯೇ ತೆರೆಯಿತು. "ನೋಡ್ರಿ" ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಅವಳು ಸೌಜನ್ಯಳ ತೋಳು ಹಿಡಿದು ತನ್ನ ಕಡೆ ಎಳೆದುಕೊಂಡು ಹಲ್ಲು ಕಚ್ಚಿದಳು.

ಗಾಳೆಪ್ಪ ಚುಕ್ಕಾಣಿ ತಿರುಗಿಸಿದ.

ದೋಣಿ ನೇರವಾಗಿ ಮರದೊಳಕ್ಕೆ ಹೋಯಿತು. ಲಟಲಟ ಕೊಂಬೆ ಮುರಿದವು, ಮುಳ್ಳಿಗೆ ಸಿಕ್ಕ ತಾಡಪತ್ರಿ ಪರ್ರೆಂದು ಹರಿಯಿತು. ಹಾಲೇಶನ ಮೊಣಕೈಯಿಂದ ಮುಂಗೈವರೆಗೆ ಮುಳ್ಳು ಗೀರಿ ರಕ್ತ ಬಂತು. ಸೌಜನ್ಯ ಚೀರಿದಳು. ದೋಣಿ ಒಂದು ಸಲ ಹೊಯ್ದಾಡಿ ಕೆಸರಿನಲ್ಲಿ ಕೂತಿತು.

ಗಾಳೆಪ್ಪ ಎದ್ದು ನಿಂತು ಹೆಂಡತಿಯ ಮೇಲೆ ಕೂಗಿದ.

"ಯಾಕ ಹೇಳ್ಲಿಲ್ಲ ನೀನು?"

ಸೌಜನ್ಯ ಗಂಡನ ಕೈಗೆ ಸೆರಗು ಒತ್ತುತ್ತಿದ್ದವಳು ತಲೆಯೆತ್ತಿದಳು. "ಅಕ್ಕ ಯಾಕ ಹೇಳ್ಬೇಕು ಅಣ್ಣಾ? ಇಷ್ಟು ದೊಡ್ಡ ಮರ, ಕಣ್ಣೆದುರಿಗೇ ಇತ್ತಲ್ಲ."

ಗಾಳೆಪ್ಪನ ಬಲಕೆನ್ನೆಗೆ ಒಂದು ಬೆರಳಿನಷ್ಟು ದೂರದಲ್ಲಿ ಮುರಿದ ಮುಳ್ಳಿನ ಕೊಂಬೆ ತೂಗಾಡುತ್ತಿತ್ತು, ಅವನು ಮುಖ ಸರಿಸಿಕೊಂಡಿರಲಿಲ್ಲ. ಹಾಲೇಶ್ ಅದನ್ನೇ ನೋಡುತ್ತಿದ್ದ. ರಕ್ತ ಸೋರುವ ಕೈಯನ್ನೇ ಮುಂದೆ ಚಾಚಿ ಕೊಂಬೆಯನ್ನು ಹಿಡಿದು ಆಚೆ ಬಾಗಿಸಿದ. ಆ ಕೈ ಕಣ್ಣಿನ ಪಕ್ಕದಲ್ಲೇ ಹಾದುಹೋದರೂ ಗಾಳೆಪ್ಪನ ರೆಪ್ಪೆ ಅಲುಗಲಿಲ್ಲ.

"ಯಾವಾಗಿಂದ ಅಣ್ಣಾ?" ಎಂದು ಹಾಲೇಶ್ ಮೆಲ್ಲಗೆ ಕೇಳಿದ.

ಗಾಳೆಪ್ಪ ಅವನ ಕಡೆ ನೋಡಲಿಲ್ಲ. ಹೆಂಡತಿಯನ್ನೇ ನೋಡಿದ. "ಆಣಿ ಮಾಡಿದ್ದಿ."

"ಹೌದ್ರಿ, ಮಾಡಿದ್ದೆ." ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. "ನಾ ಏನಾರ ಹೇಳಿದ್ನೇನು?"

ಸೌಜನ್ಯಳಿಗೆ ನಿಧಾನಕ್ಕೆ ಅರ್ಥವಾಯಿತು. ಅವಳು ಗಾಳೆಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು, ಅನ್ನಪೂರ್ಣಳ ಕೈಯಿಂದ ತೋಳು ಬಿಡಿಸಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ಆ ಕೈಯನ್ನು ಮತ್ತೆ ಹಿಡಿದುಕೊಂಡಳು.

"ನಾಳೆ ನೀನು ಗಾಡಿ ಹತ್ತಂಗಿಲ್ಲ" ಎಂದ ಹಾಲೇಶ್. "ನಾನ ಬಂದು ಆಫೀಸಿಗೆ ಕರ್ಕೊಂಡು ಹೋಗ್ತೀನಿ. ನೀನ ಹೇಳು, ನಾ ಬಾಜು ನಿಂತಿರ್ತೀನಿ."

ಗಾಳೆಪ್ಪ ಚುಕ್ಕಾಣಿಯ ಪಕ್ಕದಲ್ಲೇ ಕುಸಿದು ಕುಳಿತ. ಅಷ್ಟು ದೊಡ್ಡ ಮೈ ಒಮ್ಮೆಲೇ ಸಣ್ಣದಾದಂತೆ ಕಂಡಿತು. "ಗೇಟಿಗೆ ಕುಂದ್ರಿಸಿದ್ಯಲ್ಲ ನನ್ನ" ಎಂದ ಹೆಂಡತಿಗೆ.

"ಕುಂದ್ರಿಸಿದೆ" ಎಂದಳು ಅವಳು. "ಬೈರಿ. ಎಷ್ಟು ಬೇಕಾದ್ರೂ ಬೈರಿ."

ಅವನು ಬೈಯಲಿಲ್ಲ. ಹಾಲೇಶ್ ನೀರಿಗಿಳಿದು ದೋಣಿಯನ್ನು ಹಿಂದಕ್ಕೆ ನೂಕಿ ಮರದಿಂದ ಬಿಡಿಸಿದ. ಹಾಯಿ ಹರಿದುಹೋಗಿತ್ತು, ಹುಟ್ಟು ಹಾಕಿಯೇ ದಡ ಸೇರಬೇಕಿತ್ತು. ಗಾಳೆಪ್ಪ ಹುಟ್ಟನ್ನು ಕೈಗೆತ್ತಿಕೊಂಡ. ಆಮೇಲೆ ಎಲ್ಲರಿಗೂ ಕೇಳುವಂತೆ, ಮೊದಲ ಸಲ ತಾನಾಗಿಯೇ ಬಾಯಿಬಿಟ್ಟು ಕೇಳಿದ.

"ಬಲಗಡಿ ಏನೈತಿ, ಹೇಳು."

ಅನ್ನಪೂರ್ಣ ಸೆರಗಿನಿಂದ ಮುಖ ಒರೆಸಿಕೊಂಡು ಆ ಕಡೆ ನೋಡಿದಳು.

"ಏನೂ ಇಲ್ರಿ. ನೀರೈತಿ. ನಡೀರಿ" ಎಂದಳು.